ಎಂಟು ಅಡಿ

ಎಷ್ಟು ಎತ್ತರದಿಂದ ಬಿದ್ದ? ಎಲ್ಲರೂ ಕೇಳುತ್ತಾರೆ.
ಎಂಟು ಅಡಿ ಅಂದರೆ ಅವರ ಮುಖ ಸಣ್ಣದಾಗುತ್ತದೆ,
ನಾನೇನೋ ಅಳತೆಯಲ್ಲಿ ಮೋಸ ಮಾಡಿದ ಹಾಗೆ.

ಚಿಂಬೊಟೆಯ ಮೀನುಪುಡಿ ಕಾರ್ಖಾನೆ, ಎರಡನೇ ಪಾಳಿ.
ಬೇಯುವ ಆಂಚೊವಿಯ ನಾತ
ಊರಿನ ಬ್ರೆಡ್ಡಿಗೂ ಹತ್ತಿದ ತಿಂಗಳು.
ದೊಡ್ಡ ಹಂಡೆಯ ನೆತ್ತಿಯಲ್ಲಿ ವಾಲ್ವು ಸೋರುತ್ತಿತ್ತು.
ಫೌಸ್ತಿನೊ ಚೆರೊ ಏಣಿ ತಂದ,
ಒಂದು ಕಾಲಿನ ರಬ್ಬರು ಯಾವತ್ತೋ ಸವೆದು
ಸೈಕಲ್ ಟ್ಯೂಬು ಸುತ್ತಿ ತಂತಿ ಬಿಗಿದದ್ದು.
ನೆಲದ ತುಂಬ ಮೀನೆಣ್ಣೆ.
‘ಹಿಡಕೋ ಹುಡುಗಾ’ ಅಂದ.
ನನಗೆ ಹತ್ತೊಂಬತ್ತು. ಹಿಡಿದೆ.

ಏಣಿ ಹಿಡಿಯುವುದನ್ನು ಯಾರೂ ಕೆಲಸವೆಂದು ಲೆಕ್ಕಕ್ಕಿಡುವುದಿಲ್ಲ.
ಎರಡೂ ಕೈ ಒತ್ತೆಯಿಟ್ಟು, ಕತ್ತು ಮೇಲೆತ್ತಿ
ಇನ್ನೊಬ್ಬನ ಬೂಟಿನ ಅಡಿ ನೋಡುತ್ತ ನಿಲ್ಲುವುದು, ಅಷ್ಟೆ.
ಅವನ ಎಡ ಹಿಮ್ಮಡಿಯಲ್ಲಿ ಏಳು ಮೊಳೆ.
ಒಂದು ಅರ್ಧ ಎದ್ದಿತ್ತು.

ಮೇಸ್ತ್ರಿ ಕೂಗಿದ, ಆ ದೊಡ್ಡ ಸ್ಪ್ಯಾನರ್ ಎಲ್ಲೋ ಅಂತ.
ತಿರುಗಿದೆ. ಎರಡು ಹೆಜ್ಜೆ. ಮೂರಿರಬಹುದು.
ಅಟ್ಟ ಹತ್ತಿಸಿ ಏಣಿ ತೆಗೆದರು ಅನ್ನುತ್ತಾರಲ್ಲ,
ನಾನು ತೆಗೆಯಲಿಲ್ಲ.
ಬಿಟ್ಟೆ.

ಸದ್ದು ಕೂಡ ದೊಡ್ಡದೇನಲ್ಲ.
ಯಂತ್ರಗಳ ಗದ್ದಲದಲ್ಲಿ ಒಂದು ಮೂಟೆ ಇಳಿಸಿದಷ್ಟು.
ಅವನು ಎದ್ದು ಕೂರಲು ನೋಡಿದ,
ಕಾಲುಗಳು ಅವನ ಮಾತು ಕೇಳಲಿಲ್ಲ.
ಅವನಿಗೆ ಅದು ನಗು ತರಿಸಿತು ಮೊದಲು,
ನಿಜ, ನಕ್ಕ.

ವರದಿಯಲ್ಲಿ ನಾಲ್ಕು ಸಾಲು: ನೌಕರನ ಅಜಾಗರೂಕತೆ.
ದಿನಾಂಕ, ಎತ್ತರ, ಏಣಿಯ ನಂಬರು.
ಹಿಡಿದವನ ಹೆಸರಿಗೆ ಕಾಲಂ ಇರಲಿಲ್ಲ.
ಬದುಕಿದೆ ಅಂದುಕೊಂಡೆ
ಮತ್ತು ಅದಕ್ಕಾಗಿ ಈ ಹನ್ನೊಂದು ವರ್ಷ
ಅವನ ಬೀದಿ ಬಳಸಿಕೊಂಡು ಓಡಾಡಿದೆ.

ಕಳೆದ ಭಾನುವಾರ ಮಾರ್ಕೆಟ್ಟಿನಲ್ಲಿ ದೊರಾಲಿಸಾ ಕೈ ಹಿಡಿದಳು:
ನಡುಮನೆಯ ಬಲ್ಬು ಹೋಗಿದೆ, ನೀನು ಎತ್ತರದವನು.
ಹೋದೆ. ಅವನು ಬಲೆ ನೇಯುತ್ತಿದ್ದ.
ನನ್ನನ್ನು ನೋಡಿ ಬಲೆ ಮಡಿಲಿನಿಂದ ಕೆಳಗಿಟ್ಟ.
ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.
ಗೋಡೆಗೆ ಒರಗಿದ್ದ ಮರದ ಏಣಿಯನ್ನು ತೋರಿಸಿದ.

ನಾನು ಮೊದಲ ಮೆಟ್ಟಿಗೆ ಕಾಲಿಟ್ಟಾಗ
ಗಾಲಿಕುರ್ಚಿ ಉರುಳಿಸಿಕೊಂಡು ಬಂದು, ಬ್ರೇಕು ಹಾಕಿ
ಎರಡೂ ಕೈಯಲ್ಲಿ ಏಣಿ ಹಿಡಿದ.
ಹಳೆ ಬಲ್ಬು ತುಕ್ಕು ಹಿಡಿದು ಬಿಡಲೊಲ್ಲದು.
ಒಳಗಿಂದ ದೊರಾಲಿಸಾ ಕೂಗಿದಳು, ಸಾರು ಆರುತ್ತಿದೆ ಅಂತ.
ಮತ್ತೆ ಕೂಗಿದಳು, ಹೆಸರು ಹಿಡಿದು.

ಅವನು ಕತ್ತು ತಿರುಗಿಸಲಿಲ್ಲ.
ನನ್ನ ಬೂಟಿನ ಅಡಿ ನೋಡುತ್ತಿದ್ದ.