ಪ್ರಾರ್ಥನೆ ಮುಗಿದ ಮೇಲೆ ವಾರ್ತೆ

ಪೇಪರು ಬರುವುದು ಹನ್ನೊಂದರ ಬಸ್ಸಿಗೆ,
ಸೊರಬದಲ್ಲಿ ಡ್ರೈವರು ಮರೆಯದಿದ್ದರೆ.
ಪ್ರಾರ್ಥನೆ ಒಂಬತ್ತು ಮುಕ್ಕಾಲಿಗೆ.
ಹಾಗಾಗಿ ನಮ್ಮ ಶಾಲೆಯಲ್ಲಿ
ದೇಶ ಯಾವಾಗಲೂ ಒಂದು ದಿನ ಹಿಂದೆ.

ದಸರೆ ರಜೆ ಮುಗಿಸಿ ಬಂದರೆ ಅದೂ ಇಲ್ಲ.
ಹಳೆಯ ಪೇಪರನ್ನೆಲ್ಲ ಗುತ್ಯಮ್ಮ
ಅಡುಗೆಕೋಣೆಯ ಗೂಡಿಗೆ ಹಾಸಿಬಿಟ್ಟಿದ್ದಾಳೆ.
ಸರದಿ ಆರನೇ ಕ್ಲಾಸಿನ ಸಮೀನಾಳದು.
ಗೊತ್ತಿದ್ದದ್ದು ಏನಾದರೂ ಹೇಳು ಅಂದೆ,
ಇಲ್ಲದಿದ್ದರೆ ಒಂದು ಗಾದೆ.
ಅವಳು ಗಣಿತದ ನೋಟ್‌ಬುಕ್ಕಿನ ಕಡೆಯ ಪುಟ ತೆಗೆದಳು,
ಭದ್ರಾವತಿ ಆಕಾಶವಾಣಿಯ ಹೆಂಗಸಿನ ಹಾಗೆ
ಗಂಟಲು ಸರಿಮಾಡಿಕೊಂಡಳು.

ವಾರ್ತೆಗಳು. ಓದುತ್ತಿರುವವರು ಸಮೀನಾ.

ಕ್ಲಸ್ಟರಿನ ಹದಿಮೂರು ಶಾಲೆಗಳೂ ಬಾಗಿಲು ತೆರೆದಿವೆ.
ಕಾನ್‌ಕೊಪ್ಪ ಶಾಲೆಯ ಬೀಗಕ್ಕೆ ತುಕ್ಕು ಹಿಡಿದು
ಟಾಕಪ್ಪಜ್ಜ ಕಲ್ಲಿನಿಂದ ಒಡೆದರು.
ಒಳಗೊಂದು ಕೇರೆಹಾವು ಇತ್ತು.
ಅದಕ್ಕೂ ರಜೆ ಮುಗಿಯಿತು.

ಪ್ರತಿಭಾ ಕಾರಂಜಿ ಶುಕ್ರವಾರ.
ಮಾದರಿ ಮಾಡುವವರು ಮಣ್ಣು ತಾವೇ ತರತಕ್ಕದ್ದು.
ಹೋದ ವರ್ಷ ನಮ್ಮ ಕೀರ್ತನ್ ಮಾಡಿದ ಎತ್ತು
ತೀರ್ಪುಗಾರರು ಬರುವಷ್ಟರಲ್ಲಿ ಕೊಂಬು, ಕಾಲು ಕಳೆದುಕೊಂಡು
ಆಮೆ ಎಂಬ ಹೆಸರಿನಲ್ಲಿ ಎರಡನೇ ಬಹುಮಾನ ಪಡೆಯಿತು.

ಶೂ ಬಂದಿವೆ. ಎಲ್ಲವೂ ಐದನೇ ನಂಬರು.
ಒಂದನೇ ಕ್ಲಾಸಿನವರು ಬೇಗ ಬೆಳೆಯಬೇಕೆಂದು ಕೋರಲಾಗಿದೆ.

ಮೊಟ್ಟೆ ಬಂದದ್ದು ಅರವತ್ತು, ಒಡೆದದ್ದು ನಾಲ್ಕು.
ಬಾಳೆಹಣ್ಣು ಎಂದು ಬರೆಸಿ
ಮೊಟ್ಟೆ ತಿಂದವರು ಇಬ್ಬರು.
ಹೆಸರು ಹೇಳುವುದಿಲ್ಲ.

ನಾಡಿದ್ದು ಭೂಮಿ ಹುಣ್ಣಿಮೆ, ಗದ್ದೆ ಬಸುರಿ.
ಪ್ರೇರಣಾಳ ಅಮ್ಮ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದಾರೆ,
ಕೈಯೆಲ್ಲ ಕೆಮ್ಮಣ್ಣು, ಅಕ್ಕಿಹಿಟ್ಟು.
ಎಸ್‌ಡಿಎಂಸಿ ಸಭೆಗೆ ಬರುವುದಿಲ್ಲ.
ಸಹಿ ಬೇಕಾದರೆ ಪುಸ್ತಕವೇ ಮನೆಗೆ ಹೋಗಬೇಕಂತೆ.

ಕೊನೆಯದಾಗಿ:
ಅತಿಥಿ ಶಿಕ್ಷಕಿ ವನಮಾಲಾ ಟೀಚರಿಗೆ
ಜೂನ್ ತಿಂಗಳಿನಿಂದ ಸಂಬಳ ಬಂದಿಲ್ಲ.
ವಾರ್ತೆಗಳು ಮುಗಿದವು.

ಸಾಲುಗಳು ನಿಂತೇ ಇದ್ದವು.
ಬಾವುಟದ ಕಂಬಕ್ಕೆ ಹಗ್ಗ ಬಡಿಯುವುದು ಕೇಳಿಸಿತು.
ನಾನು, ಆ ವನಮಾಲಾ,
ಎದುರಿಗಿದ್ದ ಪುಟ್ಟಿಯ ಜಡೆಯಲ್ಲಿ
ಸರಿಯಾಗಿಯೇ ಇದ್ದ ರಿಬ್ಬನ್ನು ಬಿಚ್ಚಿ
ಮತ್ತೆ ಕಟ್ಟಿದೆ.

ಬೆಲ್ಲಾದ ಮೇಲೆ ಕರೆದು ಕೇಳಿದೆ, ಯಾರು ಹೇಳಿದರು?
ಯಾರೂ ಇಲ್ಲ ಟೀಚರ್.
ಶೇಷಗಿರಿ ಅಂಗಡಿಯ ಸಾಲದ ಪುಸ್ತಕದಲ್ಲಿ
ನಮ್ಮ ಅಬ್ಬನ ಹೆಸರಿನ ಕೆಳಗೇ ನಿಮ್ಮದು.
ಅರ್ಧ ಲೀಟರು ಎಣ್ಣೆ, ಸಾಬೂನು, ಮತ್ತೆ ಎಣ್ಣೆ.
ವಾರ್ತೆ ಅಂದರೆ ಆದದ್ದು ತಾನೆ?

ಆದದ್ದಲ್ಲ, ಇದು ಆಗದೇ ಇದ್ದದ್ದು
ಅನ್ನಬೇಕೆಂದುಕೊಂಡೆ.
ಬಾಯಿಂದ ಬಂದದ್ದು ಬೇರೆ:
ಜೂನಿನದು ಬಂದಿದೆ. ಜುಲೈನಿಂದ ಇಲ್ಲ.
ಬರೆದುಕೊಂಡಳು.

ಮಧ್ಯಾಹ್ನ ಹೆಡ್‌ಮಾಸ್ಟರು ಫಕೀರಪ್ಪನವರು
ಬಾಗಿಲು ಹಾಕಿಕೊಂಡು ಬಿಇಒ ಆಫೀಸಿಗೆ ಫೋನು ಹಚ್ಚಿದರು.
ಬಾಗಿಲು ಧಾರವಾಡದ ಕನ್ನಡವನ್ನು ತಡೆಯಲಿಲ್ಲ:
ಏನ್ರೀ, ಹುಡುಗೂರು ಮೈಕಿಲ್ಲದ ಓದಾಕ್ಹತ್ಯಾರ ನಮ್ಮ ಮರ್ಯಾದಿ!
ಸಾರು ಬಡಿಸುತ್ತಿದ್ದ ಗುತ್ಯಮ್ಮ
ಸಮೀನಾಳ ತಟ್ಟೆಯ ಹತ್ತಿರ ಸೌಟು ನಿಲ್ಲಿಸಿ,
ನಂದು ಯಾವತ್ತು ಓದ್ತೀಯೇ, ಅಂದಳು.

ಮರುದಿನ ಸರದಿ ಡೆನ್ಜಿಲನದು.
ಅವನ ಕೈಯಲ್ಲಿ ನಿಜವಾದ ಪೇಪರಿತ್ತು,
ದೆಹಲಿಯಿತ್ತು, ಚಿನ್ನದ ಬೆಲೆಯಿತ್ತು.
ಆದರೂ ಒಂದು ಹೆಜ್ಜೆ ಸರಿದು ಜಾಗ ಬಿಟ್ಟ.

ಮೊದಲಿಗೆ ತಿದ್ದುಪಡಿ.
ನಿನ್ನೆ ಜೂನ್ ಎಂದು ಓದಿದ್ದನ್ನು
ಜುಲೈ ಎಂದು ತಿಳಿದುಕೊಳ್ಳುವುದು.
ಅಡುಗೆಯ ಗುತ್ಯಮ್ಮನವರದು ಆಗಸ್ಟ್.
ತಪ್ಪಿಗೆ ವಿಷಾದಿಸುತ್ತೇವೆ.

ಹವಾಮಾನ:
ಬೆಳಿಗ್ಗೆ ಇಬ್ಬನಿ. ಹೊಡೆ ಬಿಚ್ಚುವ ಭತ್ತಕ್ಕೆ ಒಳ್ಳೆಯದು,
ರಾತ್ರಿ ಒಗೆದು ಹಾಕಿದ ಯೂನಿಫಾರ್ಮಿಗೆ ಅಲ್ಲ.