ಎರಡಿಂಚು ಒಳಗೆ

ದೀಪಾವಳಿ ಮುಗಿದು ಮೂರನೇ ದಿನ.
ಹಡಪಸರದ ಅಂಗಡಿಯಲ್ಲಿ ಹೊಲಿಗೆಯಂತ್ರಕ್ಕೆ ಬಟ್ಟೆ ಹೊದಿಸಿ
ಮನೆಗೆ ಬಂದರೆ, ನೆಲದ ಮೇಲೆ ಎರಡು ಜಾಹೀರಾತಿನ ಹಾಳೆ ಹರವಿಕೊಂಡು
ಮೂವರು ಪಂಚಾಯ್ತಿಗೆ ಕೂತಿದ್ದರು.
ಅವ್ವ ಗೋಡೆಗೆ ಒರಗಿ ಅಡಿಕೆ ಕತ್ತರಿಸುತ್ತಿದ್ದಳು.

ಒಂದರಲ್ಲಿ ಖೋಪೋಲಿ: ಆಕಾಶಕ್ಕೆ ಎಸೆದ ಜಿಲೇಬಿ,
ಅದರ ಸುರುಳಿಯಲ್ಲಿ ತಲೆಕೆಳಗಾಗಿ ನಗುವ ಜನ.
ಇನ್ನೊಂದರಲ್ಲಿ ಲೋಹಗಾಂವ: ನೀಲಿ ಕೊಳವೆ, ನೀಲಿ ಕೊಳ,
ಮೊಣಕಾಲುದ್ದ ನೀರಿನಲ್ಲಿ ಒಂದು ಪ್ಲಾಸ್ಟಿಕ್ ಆನೆ.

ಮುಕ್ತಾಳ ಬೆರಳು ಜಿಲೇಬಿಯ ಮೇಲೆ.
ಸೋಪಾನನದು ಆನೆಯ ಸೊಂಡಿಲ ಮೇಲೆ, ಗಟ್ಟಿಯಾಗಿ, ಉಗುರು ಬೆಳ್ಳಗಾಗುವಷ್ಟು.
ಸುನಂದಾ ತಳದ ಸಣ್ಣ ಅಕ್ಷರ ಓದುತ್ತಿದ್ದಳು:
ಹೊರಗಿನ ತಿಂಡಿಗೆ ಪ್ರವೇಶವಿಲ್ಲ.
"ಅಂದ್ರ ನನ್ನ ಚಪಾತಿ ಗೇಟಿನ್ಯಾಗ ನಿಂತು ದಾರಿ ಕಾಯಬೇಕೇನು?"

ಅವ್ವ ಹಾಳೆ ನೋಡಲಿಲ್ಲ.
"ಎಲ್ಲ್ಯರೆ ಹೋಗ್ರಿ. ಕೂಡಾಕ ಒಂದು ಕಲ್ಲು ಐತೋ ಇಲ್ಲೋ, ಅಷ್ಟು ಕೇಳ್ರಿ."
ಅದನ್ನು ಯಾವ ಹಾಳೆಯಲ್ಲೂ ಬರೆದಿರಲಿಲ್ಲ.

ನಾನು ಟಿಕೆಟ್ಟಿನ ಲೆಕ್ಕ ಹಿಡಿದೆ.
ನಾಲ್ಕೂವರೆ ಅಡಿಯ ಒಳಗಿದ್ದರೆ ಅರ್ಧ,
ಕೂದಲೆಳೆ ಮೇಲಾದರೂ ಪೂರ್ತಿ.
ಜಿಲೇಬಿ ಹತ್ತಲೂ ಅದೇ ನಾಲ್ಕೂವರೆ ತುಂಬಿರಬೇಕು.
ಒಂದೇ ಗೆರೆ, ಇಬ್ಬರು ಕಾವಲುಗಾರರು:
ಒಬ್ಬ ಹಣ ಕೇಳುತ್ತಾನೆ, ಇನ್ನೊಬ್ಬ ಮೈ.

"ಅಡಿಗೀಮನಿ ಬಾಗಿಲಿಗೆ ನಿಲ್ಲು" ಅಂದೆ.
ಟೇಪು ಕೊರಳಲ್ಲೇ ಇತ್ತು. ಊಟಕ್ಕೂ ತೆಗೆಯುವವನಲ್ಲ ನಾನು.
ನಿಂತಳು. ಹಿಮ್ಮಡಿ ನೆಲ ಬಿಟ್ಟಿತ್ತು.
ನನ್ನ ಅಂಗೈ ಅವಳ ನೆತ್ತಿ ಒತ್ತಿತು.
"ಜುಟ್ಟು ಲೆಕ್ಕಕ್ಕಿಲ್ಲ. ಹಿಮ್ಮಡಿ ಇಳಸು."
ಅವಳು ಮೇಲಕ್ಕೆ, ನಾನು ಕೆಳಕ್ಕೆ,
ನಡುವೆ ಟೇಪು, ಎರಡೂ ಕಡೆಯವರ ಉಪ್ಪು ತಿಂದ ಸಾಕ್ಷಿಯಂತೆ ಜೋತುಬಿದ್ದು.

ಇಪ್ಪತ್ತಾರು ವರ್ಷದಿಂದ ಅಳೆಯುತ್ತಿದ್ದೇನೆ.
ಶಾಲೆಯ ಮಕ್ಕಳ ಲಂಗ, ಪ್ಯಾಂಟು, ಏನೇ ಬರಲಿ
ಅಂಚಿನಲ್ಲಿ ಎರಡಿಂಚು ಒಳಗೆ ಮಡಚಿ ಹೊಲಿಯುವುದು ನನ್ನ ಧರ್ಮ.
ಬೆಳೆಯುವ ಕೂಸು, ಬರುವ ವರ್ಷ ಬಿಚ್ಚಿಕೊಳ್ಳಿ
ಎನ್ನುತ್ತೇನೆ ಗಿರಾಕಿಗೆ, ಮರಾಠಿಯಲ್ಲಿ.
ಬಿಚ್ಚಿದಾಗ ಒಳಗಿನ ಬಣ್ಣ ಹೊಸದಾಗಿಯೇ ಇರುತ್ತದೆ.
ಹಳೆಯ ಅಂಚಿನ ಗೆರೆ ಮಾತ್ರ ಯಾವ ಇಸ್ತ್ರಿಗೂ ಹೋಗದು.

ಈ ಸಂಜೆ ಸ್ವಂತ ಮಗಳನ್ನೇ
ಒಳಗೆ ಮಡಚಲು ಹೊರಟಿದ್ದೆ,
ಮೂರು ಬ್ಲೌಸಿನ ಕೂಲಿಗಾಗಿ.

ಅವಳು ನನ್ನ ಕೈ ಕೊಡವಲಿಲ್ಲ.
"ಅಪ್ಪಾ, ನೀ ಒತ್ತಿದ್ರ ಗೇಟೇನೋ ದಾಟತೀನಿ,
ಆಮ್ಯಾಲ ದಿನಾಪೂರ್ತಿ ಕೆಳಗ ನಿಂತು ನೋಡಬೇಕಲ್ಲ."

ಕೈ ತೆಗೆದೆ. ಹಿಮ್ಮಡಿಯೂ ಇಳಿಯಿತು.
ಐವತ್ತನಾಲ್ಕು, ಮೇಲೆ ಒಂದು ನೂಲು.
ಗುರುತಿನ ಸುಣ್ಣದಿಂದ ಬಾಗಿಲಿಗೆ ಗೆರೆ ಎಳೆದೆ.
ಸೋಪಾನ ಓಡಿಬಂದು ತಾನೂ ನಿಂತ, ಮೂವತ್ತೆಂಟು,
ಏನೋ ಗೆದ್ದವನಂತೆ ಆನೆಯ ಹಾಳೆಯನ್ನು ಜೇಬಿಗಿಳಿಸಿದ.

ಖೋಪೋಲಿಗೇ ಹೋದೆವು.
ಚಪಾತಿ ಘಾಟು ಇಳಿಯುವ ಮೊದಲೇ ಬಸ್ಸಿನಲ್ಲಿ ಖರ್ಚಾಯಿತು.
ಆನೆ ಎಲ್ಲಿ, ಆನೆ ಎಲ್ಲಿ ಎಂದು ಸೋಪಾನ
ಸುರಂಗ ಬಂದಾಗಲೆಲ್ಲ ಕೇಳಿದ, ಕತ್ತಲಲ್ಲಿ ಇನ್ನೂ ಜೋರಾಗಿ.
ಅವನಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ, ಇವತ್ತಿಗೂ ಇಲ್ಲ.

ಜಿಲೇಬಿಯ ತುದಿಯಲ್ಲಿ ಮುಕ್ತಾ ತಲೆಕೆಳಗಾದಾಗ
ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು.
ಟೇಪು ಮನೆಯಲ್ಲಿ ಬಿಟ್ಟು ಬಂದಿದ್ದೆ.

"ಕಲ್ಲಲ್ಲ ಇದು, ಎಂಥದೋ ಟೊಳ್ಳು ಸಾಮಾನು" ಎಂದು
ಕೂತ ಬೆಂಚನ್ನು ಬೆರಳಿಂದ ಬಡಿದು ನೋಡುತ್ತಿದ್ದ ಅವ್ವ
ಸ್ವಲ್ಪ ಸರಿದಳು.
"ಮ್ಯಾಲ ನೋಡಬ್ಯಾಡ, ತಲಿ ತಿರಗತೈತಿ. ಕೂಡು."