ಆಲಿಸುವುದು

ನಮ್ಮ ಶಾಲೆಯಲ್ಲಿ ಸದ್ದಿಲ್ಲದ ಜಾಗ ಒಂದೇ,
ಬಿಸಿಯೂಟದ ಅಕ್ಕಿ ಕೋಣೆ.
ಮೂಟೆಗಳು ಮಾತು ಹೀರಿಕೊಳ್ಳುತ್ತವೆ, ಮರುದನಿ ಬಿಟ್ಟುಕೊಡುವುದಿಲ್ಲ.
ಹಾಗಾಗಿ ಅಲ್ಲೇ ನಮ್ಮ ಸ್ಟುಡಿಯೊ.
ಬೇಳೆ ಡಬ್ಬದ ಮೇಲೆ ನನ್ನ ಫೋನು,
ಫೋನಿಗೊಂದು ಕಾಲ್ಚೀಲದ ಟೊಪ್ಪಿಗೆ.
ಗಾಳಿ ತಡೆಯಲು ಕೃಪಾಲಿ ತಾಂಡೇಲಳ ಉಪಾಯ ಅದು,
ಕಾಲ್ಚೀಲವೂ ಅವಳದೇ, ಒಗೆದದ್ದೇ ಎಂದು ಆಣೆ.
ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ:
ಸದ್ದು! ಪಾಡ್‌ಕಾಸ್ಟ್ ನಡೀತಾ ಉಂಟು.

ಶುರುವಾದದ್ದು ಜಗಳದಿಂದ.
ಜೂನಿನಲ್ಲಿ, ಕಡಲಿನ ಮೇಲೊಂದು ಕಂತು ಇಳಿಸಿಕೊಂಡು,
ಸ್ಪೀಕರಿಲ್ಲವೆಂದು ಸ್ಟೀಲ್ ಕೊಡದೊಳಗೆ ಫೋನ್ ಇಳಿಬಿಟ್ಟು
ಮೂರನೆಯ ಕ್ಲಾಸಿಗೆ ಕೇಳಿಸಿದೆ.
ಕೊಡದ ಬಾಯಿಂದ ಯಾರೋ ಅಕ್ಕ ನುಣ್ಣಗೆ ನುಡಿದಳು:
ಮಕ್ಕಳೇ, ಸಮುದ್ರ ನೀಲಿ. ಅಲೆಗಳು ಶ್ ಶ್ ಎನ್ನುತ್ತವೆ.

‘ಸುಳ್ಳು’ ಅಂದ ಹಿಂದಿನ ಸಾಲಿನ ರೋಹಿದಾಸ.
‘ಈಗ ಅದು ಚಾ ಬಣ್ಣ. ಮತ್ತೆ ಜೂನಲ್ಲಿ ಅದು ಶ್ ಅನ್ನೂದಿಲ್ಲ,
ಬೈತದೆ.’

ನಾನು ರೋಣದ ಕಡೆಯವಳು, ಎರೆಮಣ್ಣಿನವಳು.
ಕಡಲು ಕಂಡದ್ದೇ ಇಪ್ಪತ್ತಾರಕ್ಕೆ, ನೇಮಕಾತಿ ಪತ್ರ ಹಿಡಿದು,
ಬೈತಖೋಲದ ಇಳಿಜಾರಿನಲ್ಲಿ ಚಪ್ಪಲಿ ಜಾರಿದಾಗ.
ಕೊಡವನ್ನು ನಂಬಲೇ, ರೋಹಿದಾಸನನ್ನೇ?
ಫೋನ್ ತೆಗೆದು ಒತ್ತಿದೆ. ಅಕ್ಕ ಅರ್ಧ ಶಬ್ದದಲ್ಲಿ ನಿಂತಳು.
ಪಾಠದ ಬಾಯಿ ಹೀಗೆ ನಡುವೆ ಮುಚ್ಚಿ
ಎದುರು ವಾದಿಸಬಹುದೆಂದು
ನನಗೆ ಯಾರೂ ಕಲಿಸಿರಲಿಲ್ಲ.

ಹಾಗಾದರೆ ನೀವೇ ಹೇಳಿ, ಅಂದೆ.

ಮೊದಲ ಕಂತು ಕೃಪಾಲಿಯ ಅಜ್ಜಿ, ಮೀನು ಬುಟ್ಟಿಯ ಸಮೇತ.
ಅಜ್ಜಿಯದು ಕೊಂಕಣಿ, ಮೊಮ್ಮಗಳು ಕನ್ನಡದಲ್ಲಿ ಹಿಂದೆ ಹಿಂದೆ:
ತಾರ್ಲೆ ಹೀಗೆ, ಬಂಗಡೆ ಹೀಗೆ, ಕಿವಿರು ಎತ್ತಿ ನೋಡಬೇಕು ಹೀಗೆ.
ಚೌಕಾಸಿಯವರಿಗೆ ಅಜ್ಜಿ ಬೈದಲ್ಲಿ ಮಾತ್ರ
‘ಇದು ಕನ್ನಡದಲ್ಲಿ ಇಲ್ಲ’ ಎಂದು ಮುಂದೆ ಸಾಗಿದಳು.
ಎರಡನೆಯದು ಕೆಟ್ಟಿತು: ಒಂಬತ್ತು ನಿಮಿಷ
ಕುಕ್ಕರಿನ ಸೀಟಿ, ಇಬ್ಬರ ನಗು.
ಅಳಿಸಲು ಹೋದೆ, ಮನಸಾಗಲಿಲ್ಲ.

ಮೂರನೆಯದು ಸೆಪ್ಟೆಂಬರಿನಲ್ಲಿ,
ಬೋಟುಗಳು ಮತ್ತೆ ನೀರಿಗಿಳಿದ ಮೇಲೆ.
ಬರೆದುಕೊಟ್ಟ ಚೀಟಿಯಲ್ಲಿ ರೋಹಿದಾಸ
ಒತ್ತಕ್ಷರ ಬಂದಲ್ಲೆಲ್ಲ ಬಂಡೆಗೆ ತಾಗಿದಂತೆ ನಿಂತ.
ಚೀಟಿ ಮಡಚಿ ಕಿಸೆಗೆ ಇಟ್ಟುಕೊಂಡ.
ಕೃಪಾಲಿ ಕೇಳಿದಳು: ರಾತ್ರಿ ನಿಂಗೆ ಏನು ಕೇಳ್ತದೆ?

ಹನ್ನೊಂದು ಸೆಕೆಂಡು ಏನೂ ಇಲ್ಲ.
ಅಕ್ಕಿ ಮೂಟೆಯ ಮೇಲೊಂದು ಇರುವೆ ನಡೆದರೂ ಕೇಳುವಷ್ಟು ಇಲ್ಲ.
ಆಮೇಲೆ ತುಟಿಯಲ್ಲೇ:
ಡುಗು ಡುಗು ಕ್. ಡುಗು ಡುಗು ಕ್.
‘ಇದು ನಮ್ದು. ಮೂರಕ್ಕೊಮ್ಮೆ ಏಟು ತಪ್ಪಸ್ತದೆ.
ಪುರಸು ಮಾಮಂದು ಕೆಮ್ಮತದೆ.
ಹೊಸ ಬೋಟು ಎಲ್ಲ ಒಂದೇ ನಮನಿ, ಗೊತ್ತಾಗೂದಿಲ್ಲ.
ಆಯಿಗೆ ನಿದ್ದೆ. ನಾ ಎಬ್ಬಸ್ತೆ, ಬಾಬಾ ಬಂದ ಅಂತ.
ಚಾ ಇಡ್ತಾಳೆ.’

ಕ್ಲಾಸಿನಲ್ಲಿ ಕೇಳಿಸಿದಾಗ ಮೂವತ್ತು ಕಣ್ಣು ತಾವಾಗಿ ಮುಚ್ಚಿದವು.
‘ಮೂರಲ್ಲ, ನಾಲ್ಕಕ್ಕೊಮ್ಮೆ’ ಎಂದು ಯಾರೋ ತಕರಾರು.
ಹಿಂದಕ್ಕೆ ಎಳೆದೆ, ಮತ್ತೆ ಹಿಂದಕ್ಕೆ,
ಬೆಂಚು ಬಡಿದು ಲೆಕ್ಕ ಹಾಕಿದರು.
ಮೂರೇ.
ಆರರಾಚೆ ಎಂದೂ ದಾಟದ ಮೂರರ ಮಗ್ಗಿ
ಅಂದು ಆ ಬೋಟು ಹತ್ತಿ ಮೂವತ್ತರ ದಡ ಮುಟ್ಟಿತು.

ಸಂಜೆ ಕೋಡಿಬಾಗದ ಬಾಡಿಗೆ ಕೋಣೆಯಲ್ಲಿ
ಇಯರ್‌ಫೋನ್ ಸಿಕ್ಕಿಸಿ ತಿದ್ದಲು ಕೂರುತ್ತೇನೆ.
ದನಿಗೆ ಕೆಂಪು ಶಾಯಿ ಹತ್ತುವುದಿಲ್ಲ.
ಮೌಲ್ಯಮಾಪನ ವಹಿಯಲ್ಲಿ ನಾಲ್ಕು ಕಾಲಂ:
ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು.
ಮೊದಲನೆಯದರಲ್ಲಿ ಒಂಬತ್ತು ವರ್ಷದಿಂದ
ಮೇಲೊಂದು ಬಿ ಪ್ಲಸ್, ಕೆಳಗೆಲ್ಲ ಅದೇ ಎಂಬ ಎರಡೆರಡು ಗೀಟು,
ಸಾಲಾಗಿ ಮಲಗಿದ ಮಳೆಹನಿಯ ಹಾಗೆ.

ಇವತ್ತು ರೋಹಿದಾಸನ ಹೆಸರಿನೆದುರು ಪೆನ್ನು ನಿಂತಿದೆ.
ಕಿಟಕಿಯಾಚೆ ಎಲ್ಲೋ ಡುಗು ಡುಗು.
ಕಣ್ಣು ಮುಚ್ಚಿ, ಉಸಿರು ಹಿಡಿದು ಕೇಳುತ್ತೇನೆ.
ಅವನದೇ ಬೋಟು. ಇಲ್ಲ, ಪುರಸು ಮಾಮನದು.
ಅಲ್ಲ.
ಪಕ್ಕದ ಮನೆಯವರು ಪಂಪು ಹಾಕಿದ್ದಾರೆ.
ನನಗೆ ಬಿ ಪ್ಲಸ್ಸೂ ಹೆಚ್ಚಾಯಿತು.